ಮೊದಲ ಅನುಮಾನದಿಂದ ಥೆರಪಿವರೆಗೆ: ನರವೈವಿಧ್ಯದ ಮಗುವಿನ ಮೌಲ್ಯಮಾಪನ, ಬೆಂಗಳೂರಿನ ಮನೆಯವರಿಗೊಂದು ಮಾರ್ಗದರ್ಶಿ

ಅವರೆಕಾಯಿ ಕಾಲ. ರಾಜಾಜಿನಗರದ ನಮ್ಮ ಮನೆಯ ಹಾಲಿನಲ್ಲಿ ಅತ್ತೆ ಕಾಳು ಬಿಡಿಸುತ್ತ ಕೂತಿದ್ದರು. ಎರಡೂಮುಕ್ಕಾಲು ವರ್ಷದ ಮಗ ಕಾಳನ್ನು ಒಂದೊಂದಾಗಿ ಎತ್ತಿ ನೆಲದ ಗೆರೆಯುದ್ದಕ್ಕೂ ಸಾಲಾಗಿ ಇಡುತ್ತಿದ್ದ. ಸಾಲು ಅಡುಗೆಮನೆ ಹೊಸ್ತಿಲವರೆಗೂ ಬಂದಿತ್ತು. ನಾಲ್ಕು ಸಲ ಹೆಸರು ಹಿಡಿದು ಕರೆದೆ, ತಿರುಗಲಿಲ್ಲ. ಕುಕ್ಕರ್ ಕೂಗಿದ್ದೇ ತಡ, ಎರಡೂ ಕಿವಿ ಮುಚ್ಚಿಕೊಂಡು ಕಿರುಚಿದ. "ಇವರಪ್ಪನೂ ಮಾತಾಡಿದ್ದು ತಡವಾಗೇ ಕಣಮ್ಮ. ಬಜೆ ತೇಯ್ದು ನಾಲಿಗೆಗೆ ಹಚ್ಚು, ಸರಿಹೋಗುತ್ತೆ" ಅಂದರು ಅತ್ತೆ. ಹಚ್ಚಿದೆವು. ಎಂಟು ತಿಂಗಳು ಹಾಗೇ ಹೋಯಿತು.

ಮಗನಿಗೆ ಈಗ ಹನ್ನೊಂದು. ಆಟಿಸಂ, ಅಂದರೆ ಮಾತುಕತೆ, ಬೆರೆಯುವಿಕೆ, ಇಂದ್ರಿಯಗಳ ಅನುಭವ ಬೇರೆ ರೀತಿ ಇರುವ ಸ್ಥಿತಿ ಇದೆ, ಜೊತೆಗೆ ಗಮನ ನಿಲ್ಲದ, ಚಡಪಡಿಕೆ ಹೆಚ್ಚಿರುವ ಎಡಿಎಚ್‌ಡಿಯೂ ಇದೆ. ಹೀಗೆ ಮಿದುಳು ಬೇರೆ ರೀತಿ ಕೆಲಸ ಮಾಡುವ ಮಕ್ಕಳನ್ನೇ ನರವೈವಿಧ್ಯದ ಮಕ್ಕಳು ಅನ್ನುವುದು. ಪರಿಚಯದವರ ಪರಿಚಯದವರೆಲ್ಲ ಫೋನ್ ಮಾಡಿ ಮೊದಲು ಕೇಳುವುದು ಒಂದೇ ಮಾತು: "ಯಾವ ಸೆಂಟರ್ ಒಳ್ಳೇದು ಅಕ್ಕಾ?" ಅವರಿಗೆಲ್ಲ ನಾನು ಹೇಳುವುದು, ಸೆಂಟರ್ ಆಮೇಲೆ ಹುಡುಕೋಣ, ಮೊದಲು ನಿಮ್ಮ ಪ್ರಶ್ನೆ ಏನು ಅಂತ ಒಂದು ಹಾಳೆಯಲ್ಲಿ ಬರೀರಿ. "ನನ್ನ ಮಗುಗೆ ಏನಾಗಿದೆ" ಅನ್ನುವುದು ತೀರಾ ದೊಡ್ಡ ಪ್ರಶ್ನೆ. "ಹಸಿವಾದಾಗ ಕೇಳದೆ ಯಾಕೆ ಅಳ್ತಾನೆ, ಕೇಳೋದನ್ನ ಹೇಗೆ ಕಲಿಸೋದು" ಅನ್ನುವುದಕ್ಕೆ ಉತ್ತರ ಸಿಗುತ್ತದೆ. ಮೌಲ್ಯಮಾಪನ, ವರದಿ, ಥೆರಪಿ ಎಲ್ಲವನ್ನೂ ಇಂಥ ಪ್ರಶ್ನೆಗಳಿಂದಲೇ ಅಳೆಯಬೇಕು. ನನಗಿದು ತಡವಾಗಿ ಗೊತ್ತಾಯಿತು.

ಹೆಜ್ಜೆ 1: ಎರಡು ವಾರ ನೋಟ್‌ಬುಕ್ಕು, ಆಮೇಲೆ ಕಿವಿ ಪರೀಕ್ಷೆ

ಡಾಕ್ಟರ ಮುಂದೆ ಕೂತಾಗ ಎಲ್ಲ ಮರೆತುಹೋಗುತ್ತದೆ. ಹಾಗಾಗಿ ಎರಡು ವಾರ ಕಂಡದ್ದನ್ನು ಕಂಡ ಹಾಗೆ ಬರೆದಿಡಿ. "ತುಂಬಾ ಹಠ" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. "ಮಂಗಳವಾರ ಸಂಜೆ, ಮಿಕ್ಸಿ ಶಬ್ದ, ಮಂಚದ ಕೆಳಗೆ ಹೋಗಿ 20 ನಿಮಿಷ ಕೂತ" ಅಂತ ಬರೆದರೆ ಉಪಯೋಗ. ನಿದ್ದೆ, ಊಟ, ಯಾವ ಬಟ್ಟೆ ಮೈಗೆ ತಾಕಿದರೆ ಆಗುವುದಿಲ್ಲ, ಬೇಕಾದ್ದನ್ನು ಹೇಗೆ ಕೇಳುತ್ತದೆ, ಬೆರಳು ಮಾಡಿ ತೋರಿಸುತ್ತದೋ ನಿಮ್ಮ ಕೈ ಹಿಡಿದು ಎಳೆಯುತ್ತದೋ, ಎಲ್ಲವೂ ಇರಲಿ. ಮೊಬೈಲಿನಲ್ಲಿ ಎರಡೆರಡು ನಿಮಿಷದ ವಿಡಿಯೋ ತೆಗೆಯಿರಿ: ಒಂದು ಒಬ್ಬನೇ ಆಡುವಾಗ, ಒಂದು ಬೇರೆ ಮಕ್ಕಳ ಜೊತೆ, ಒಂದು ಊಟದ ಹೊತ್ತು. ತಾಯಿ ಕಾರ್ಡು, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಶಾಲೆಗೆ ಹೋಗುವ ಮಗುವಾದರೆ ನೋಟ್ಸು ಮತ್ತು ಪ್ರಗತಿ ಪತ್ರ, ಇವನ್ನೆಲ್ಲ ಒಂದೇ ಫೈಲಿಗೆ ಹಾಕಿ.

ಒಂದು ವರ್ಷವಾದರೂ ತೊದಲಿಲ್ಲ, ಬೆರಳು ಮಾಡಿ ತೋರಿಸುವುದಿಲ್ಲ, ಒಂದೂವರೆ ವರ್ಷಕ್ಕೂ ಒಂಟಿ ಪದವಿಲ್ಲ, ಎರಡು ವರ್ಷಕ್ಕೆ "ಅಮ್ಮ ಬಾ" ಅಂತ ಎರಡು ಪದ ತಾನಾಗಿ ಜೋಡಿಸುವುದಿಲ್ಲ ಅಂದರೆ ನೋಟ್‌ಬುಕ್ಕಿಗೂ ಕಾಯಬೇಡಿ. ಬಂದಿದ್ದ ಮಾತು ನಿಂತುಹೋದರಂತೂ, ಯಾವ ವಯಸ್ಸಿನಲ್ಲಾದರೂ ಸರಿ, ಅದೇ ವಾರ ಮಕ್ಕಳ ವೈದ್ಯರ ಹತ್ತಿರ ಹೋಗಿ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಅನ್ನುವ 20 ಪ್ರಶ್ನೆಗಳ ತಪಾಸಣಾ ಪಟ್ಟಿ ಇದೆ. ಮುಂದೆ ಪೂರ್ತಿ ಪರೀಕ್ಷೆ ಬೇಕೋ ಬೇಡವೋ ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಅದರ ಅಂಕ ನೋಡಿ ಮನೆಯಲ್ಲೇ ತೀರ್ಪು ಕೊಟ್ಟುಕೊಳ್ಳಬೇಡಿ.

ಕಿವಿ ಪರೀಕ್ಷೆ ಬಿಡಲೇಬೇಡಿ. ಕರೆದರೆ ತಿರುಗದ, ಮಾತು ಬಾರದ ಯಾವ ಮಗುವಿಗೂ ಮೊದಲು ಶ್ರವಣ ಪರೀಕ್ಷೆ ಆಗಬೇಕು. ಚಿಕ್ಕ ಮಕ್ಕಳಿಗೆ ನಿದ್ದೆಯಲ್ಲೇ ಮಾಡುವ, ಶಬ್ದಕ್ಕೆ ಕಿವಿಯ ನರ ಮತ್ತು ಮಿದುಳು ಸ್ಪಂದಿಸುತ್ತವೆಯೇ ಅಂತ ನೋಡುವ ಬೇರಾ ಪರೀಕ್ಷೆ ಇದೆ. "ಕುಕ್ಕರ್ ಕೂಗಿದ್ರೆ ಕೇಳುತ್ತಲ್ಲ" ಅಂತ ನಾವೂ ಅಂದುಕೊಂಡಿದ್ದೆವು. ಕೆಲವು ಸ್ವರಮಟ್ಟಗಳಷ್ಟೇ ಕೇಳದಿರುವ ಮಕ್ಕಳಿದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಮತ್ತು ಮಾತಿನ ಪರೀಕ್ಷೆ ಎರಡೂ ಆಗುತ್ತವೆ, ಅದೂ ಕನ್ನಡದಲ್ಲೇ. ಬೆಂಗಳೂರಿನಿಂದ ಬೆಳಗ್ಗೆ ರೈಲು ಹತ್ತಿ ಹೋಗಿ ಬರುವವರು ಎಷ್ಟೋ ಜನ ಇದ್ದಾರೆ.

ಹೆಜ್ಜೆ 2: ಯಾರ ಹತ್ತಿರ ಹೋಗಬೇಕು

ಈ ಊರಿನಲ್ಲಿ ಬೋರ್ಡುಗಳಿಗೆ ಕೊರತೆಯಿಲ್ಲ. ಬೋರ್ಡಿನ ಹಿಂದೆ ಕೂತವರು ಏನು ಓದಿದ್ದಾರೆ ಅನ್ನುವುದು ಮುಖ್ಯ. ಮಕ್ಕಳ ಬೆಳವಣಿಗೆಯ ವೈದ್ಯರು ಅಥವಾ ಮನೋವೈದ್ಯರು ರೋಗನಿರ್ಣಯ ಮಾಡುತ್ತಾರೆ, ಬೇಕಿದ್ದರೆ ಔಷಧಿ ಬರೆಯುತ್ತಾರೆ. ಬುದ್ಧಿಶಕ್ತಿ, ಕಲಿಕೆ, ನಡವಳಿಕೆಯ ಪರೀಕ್ಷೆಗಳನ್ನು ಮಾಡಿ ವರದಿ ಬರೆಯುವವರು ಕ್ಲಿನಿಕಲ್ ಸೈಕಾಲಜಿಸ್ಟ್. ಸ್ಪೀಚ್ ಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್, ವಿಶೇಷ ಶಿಕ್ಷಕರು ತಂತಮ್ಮ ಕ್ಷೇತ್ರದ ಪರೀಕ್ಷೆ ಮಾಡಿ ಕಲಿಸುತ್ತಾರೆ. ಆಪ್ತಸಮಾಲೋಚಕರು ಮನೆಯವರ ದುಃಖಕ್ಕೆ ಕಿವಿಯಾಗಬಲ್ಲರು, ಆದರೆ ಐಕ್ಯೂ ವರದಿಗೆ ಸಹಿ ಹಾಕುವ ಅಧಿಕಾರ ಅವರಿಗಿಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್ ಮತ್ತು ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐ, ನೋಂದಣಿ ಸಂಖ್ಯೆ ಇರಬೇಕು. 1992ರ ಕಾಯ್ದೆಯ ಪ್ರಕಾರ ಇದು ಕಡ್ಡಾಯ. ದುಡ್ಡು ಕಟ್ಟುವ ಮೊದಲೇ "ನಿಮ್ಮ ಆರ್‌ಸಿಐ ನಂಬರ್ ಹೇಳ್ತೀರಾ ಮೇಡಂ" ಅಂತ ಕೇಳಿ. ಸಂಕೋಚ ಬೇಡ. ಅರ್ಹತೆ ಇರುವವರು ಬೇಸರ ಮಾಡಿಕೊಳ್ಳುವುದಿಲ್ಲ, ವರದಿಯ ಕೆಳಗೆ ಸಹಿಯ ಪಕ್ಕದಲ್ಲೇ ಅದನ್ನು ಬರೆಯುತ್ತಾರೆ. ಆ ಸಂಖ್ಯೆಯಿಲ್ಲದ ವರದಿಯನ್ನು ಶಾಲಾ ಪರೀಕ್ಷಾ ಮಂಡಳಿಯಾಗಲಿ ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿಯಾಗಲಿ ಒಪ್ಪುವುದು ಕಷ್ಟ. ಮತ್ತೆ ಮೊದಲಿಂದ ಖರ್ಚು.

ಸರ್ಕಾರಿ ವ್ಯವಸ್ಥೆಯಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಅಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಬೆಳಗ್ಗೆ ಬೇಗ ಹೋಗಿ, ಇಡೀ ದಿನ ಅಲ್ಲೇ ಅಂತ ಸಿದ್ಧವಾಗಿ ಹೋಗಿ. ಮಗುವಿಗೆ ಬುತ್ತಿ, ನೀರು, ಇಷ್ಟದ ಆಟಿಕೆ, ಸದ್ದಿಗೆ ಹೆದರುವ ಮಗುವಾದರೆ ಹೆಡ್‌ಫೋನ್ ಜೊತೆಗಿರಲಿ. ಒಂದೇ ಭೇಟಿಯಲ್ಲಿ ಮುಗಿಯುವುದಿಲ್ಲ. ಆದರೆ ಅಲ್ಲಿ ಯುವ ವೈದ್ಯರು ಮುಕ್ಕಾಲು ಗಂಟೆ ಕೂತು ಮಗುವಿನ ಕಥೆಯನ್ನು ಗರ್ಭದ ದಿನಗಳಿಂದ ಕೇಳಿ ಬರೆದುಕೊಂಡಾಗ, ಮೊದಲ ಸಲ ಯಾರೋ ಪೂರ್ತಿ ಕೇಳಿಸಿಕೊಂಡರಲ್ಲ ಅಂತ ನನ್ನ ಕಣ್ಣು ತುಂಬಿತ್ತು. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಅದೇ ಸುತ್ತಮುತ್ತ ಇದೆ. ಸರ್ಕಾರೇತರ ಕೇಂದ್ರಗಳಲ್ಲಿ, ಕೋರಮಂಗಲದ ಕಡೆಯವರಿಗೆ ಸೇಂಟ್ ಜಾನ್ಸ್ ಆಸ್ಪತ್ರೆ ಹತ್ತಿರ. ಅಂಗವೈಕಲ್ಯವಿರುವ ಮಕ್ಕಳಿಗಾಗಿ ಕೆಲಸ ಮಾಡುವ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂದಿರಾನಗರದಲ್ಲಿದೆ. ಮಾತು, ನಡವಳಿಕೆಗಳ ಆರಂಭಿಕ ತರಬೇತಿಯಲ್ಲಿ ಕಾಮ್‌ಡೀಲ್ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಕಾರ್ಯಕ್ರಮ. ಆರು ವರ್ಷದೊಳಗಿನ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರಗಳಿವೆ. ಅಂಗನವಾಡಿ ಅಥವಾ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಕಳಿಸಿಕೊಡುತ್ತಾರೆ.

ಅಪಾಯಿಂಟ್‌ಮೆಂಟ್ ಎರಡು ತಿಂಗಳ ನಂತರ ಸಿಕ್ಕಿತು ಅಂತ ಎರಡು ತಿಂಗಳು ಸುಮ್ಮನಿರಬೇಡಿ. ಮಾತು ತಡವಾಗಿದ್ದರೆ, ತೊಂದರೆಯ ಹೆಸರು ಗೊತ್ತಾಗುವ ಮೊದಲೇ ಸ್ಪೀಚ್ ಥೆರಪಿ ಶುರುಮಾಡಬಹುದು.

ಹೆಜ್ಜೆ 3: ಪರೀಕ್ಷೆಯ ದಿನ, ಪರೀಕ್ಷೆಯ ಭಾಷೆ

ನಮಗೆ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲೇ. ಮೊದಲ ಸಲ ನಾವು ಹೋದದ್ದು ಒಂದು ಖಾಸಗಿ ಕೇಂದ್ರಕ್ಕೆ. ನೀಲಿ ಬಣ್ಣದ ಪುಟ್ಟ ಕುರ್ಚಿಯ ಮೇಲೆ ಮಗನನ್ನು ಕೂರಿಸಿದರು. ಎದುರು ಕೂತ ಹುಡುಗಿ ಚಿತ್ರದ ಪುಸ್ತಕ ತೆಗೆದು ಇಂಗ್ಲಿಷಿನಲ್ಲಿ "ಶೋ ಮಿ ದ ಡಾಗ್" ಅಂದಳು. ಮಗ ಕುರ್ಚಿಯ ಸ್ಕ್ರೂ ತಿರುಗಿಸುತ್ತ ಕೂತಿದ್ದ. ಮತ್ತೆ ಅದೇ ಪ್ರಶ್ನೆ. ಅವಳು ಸೊನ್ನೆ ಹಾಕಿದ್ದು ನನಗೆ ಕಾಣಿಸಿತು. ನಮ್ಮ ಬೀದಿಯಲ್ಲಿ ನಾಯಿ ಕಂಡರೆ "ನಾಯಿ, ನಾಯಿ" ಅಂತ ಕೈತೋರುವ ಮಗು ಅದು. ನಾನು ಬಾಯಿ ತೆರೆದರೆ "ಪ್ರಾಂಪ್ಟ್ ಮಾಡಬೇಡಿ" ಅಂದರು. ನಲವತ್ತೇ ನಿಮಿಷದಲ್ಲಿ ಮುಗಿಸಿ, ತೀವ್ರ ಬೌದ್ಧಿಕ ಅಸಾಮರ್ಥ್ಯ ಅಂತ ವರದಿ ಕೊಟ್ಟರು. ಆ ರಾತ್ರಿ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಆಮೇಲೆ ಬೇರೆ ಕಡೆ ಕನ್ನಡದಲ್ಲಿ, ಮೂರು ದಿನ ಬಿಡಿಬಿಡಿಯಾಗಿ ಪರೀಕ್ಷೆ ಮಾಡಿದಾಗ ಬಂದ ಚಿತ್ರವೇ ಬೇರೆ: ಮಾತಿನಲ್ಲಿ ಹಿಂದೆ, ನೋಡಿ ಜೋಡಿಸುವುದರಲ್ಲಿ ವಯಸ್ಸಿಗಿಂತ ಮುಂದೆ.

ಆದ್ದರಿಂದ ಹೆಸರು ಬರೆಸುವಾಗಲೇ ಹೇಳಿ: ಮನೆಯಲ್ಲಿ ಆಡುವ ಭಾಷೆ ಇದು, ಪರೀಕ್ಷೆ ಅದರಲ್ಲೇ ಆಗಬೇಕು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆಗಿದ್ದರೆ ಮೂರನ್ನೂ ತಿಳಿಸಿ. ಮಗು ನಿದ್ದೆ ಮಾಡುವ ಹೊತ್ತಿಗೆ ಸಮಯ ಕೊಟ್ಟರೆ ಬದಲಾಯಿಸಿಕೊಳ್ಳಿ. ಜ್ವರ, ನೆಗಡಿ ಇದ್ದರೆ ಮುಂದೂಡಿ. ಮಗು ಅವತ್ತು ಸರಿಯಾಗಿ ಸಹಕರಿಸಲಿಲ್ಲ ಅಂದರೆ ಅದನ್ನು ವರದಿಯಲ್ಲಿ ನಮೂದಿಸುವಂತೆ ಕೇಳಿ.

ಯಾವ ಪರೀಕ್ಷೆ ಯಾಕೆ ಅಂತಲೂ ಸ್ವಲ್ಪ ತಿಳಿದಿರಲಿ. ಆಟಿಸಂ ಮೌಲ್ಯಮಾಪನಕ್ಕೆ ನಮ್ಮ ದೇಶದಲ್ಲೇ ತಯಾರಾದ ಇಸಾ ಮಾಪನವಿದೆ. 40 ಅಂಶ, ಒಂದೊಂದಕ್ಕೂ 1ರಿಂದ 5 ಅಂಕ, ಒಟ್ಟು 70 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆಟಿಸಂ ಎಂದು ಪರಿಗಣಿಸುತ್ತಾರೆ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಇದನ್ನೇ ಬಳಸುತ್ತಾರೆ. ಕಾರ್ಸ್, ಎಡಾಸ್ ಅನ್ನುವ ಹೆಸರುಗಳೂ ಕೇಳಿಸುತ್ತವೆ. ಎಡಾಸ್‌ನಲ್ಲಿ ತರಬೇತಾದವರು ಮಗುವಿನ ಜೊತೆ ಆಟ ಆಡುತ್ತಲೇ ಗಮನಿಸುತ್ತಾರೆ. ಬುದ್ಧಿಶಕ್ತಿಗೆ ಬಿನೆ-ಕಾಮತ್ ಪರೀಕ್ಷೆ, ಮಾಲಿನ್ ಮಾಪನ ಇವೆ. ಸ್ನಾನ, ಊಟ, ಬಟ್ಟೆ, ಅಂಗಡಿಗೆ ಹೋಗಿಬರುವುದು, ಇಂಥ ದಿನದ ಕೆಲಸಗಳನ್ನು ಅಳೆಯಲು ವೈನ್‌ಲ್ಯಾಂಡ್ ಮಾಪನ. ಐಕ್ಯೂ ಒಂದನ್ನೇ ನೋಡಿ ಬೌದ್ಧಿಕ ಅಸಾಮರ್ಥ್ಯ ಅಂತ ಹೇಳುವಂತಿಲ್ಲ, ದಿನದ ಬದುಕಿನ ಈ ಅಳತೆಯೂ ಸೇರಲೇಬೇಕು.

ಎಡಿಎಚ್‌ಡಿಗೆ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನಿಲ್ಲ. ಲಕ್ಷಣಗಳು ಮನೆ, ಶಾಲೆ ಎರಡೂ ಕಡೆ, ಆರು ತಿಂಗಳಿಗಿಂತ ಹೆಚ್ಚು ಕಾಲ, 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು. ಹಾಗಾಗಿ ಶಿಕ್ಷಕರು ತುಂಬಿದ ಫಾರಂ ಇಲ್ಲದೆ ನಿರ್ಣಯ ಕೊಟ್ಟರೆ ಅದು ಅರ್ಧ ಕೆಲಸ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವರಲ್ಲಿ ಹಲವರು ಓಡಾಡದೆ, ಕಿಟಕಿಯಾಚೆ ನೋಡುತ್ತ ಕೂತಿರುತ್ತಾರೆ. "ಸಾಧು ಹುಡುಗಿ, ಸ್ವಲ್ಪ ಮಂಕು" ಅಂತ ಶಾಲೆಯವರು ಬಿಟ್ಟುಬಿಡುತ್ತಾರೆ.

ಕಲಿಕಾ ನ್ಯೂನತೆಯನ್ನು, ಅಂದರೆ ಬುದ್ಧಿಯಿದ್ದೂ ಓದು, ಬರಹ, ಲೆಕ್ಕ ಕಷ್ಟವಾಗುವುದನ್ನು, ಸಾಮಾನ್ಯವಾಗಿ 8 ವರ್ಷ ತುಂಬುವವರೆಗೆ ಖಚಿತವಾಗಿ ಹೇಳುವುದಿಲ್ಲ. ಇದಕ್ಕೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಗುಚ್ಛವನ್ನೇ ದೇಶದ ಹಲವೆಡೆ ಬಳಸುತ್ತಾರೆ. ಕನ್ನಡ ಓದುವ ಮಕ್ಕಳಲ್ಲಿ ಇದು ಕಾಣುವ ರೀತಿಯೇ ಬೇರೆ. ಅಕ್ಷರ ಅದಲುಬದಲಾಗುವುದಕ್ಕಿಂತ ಒತ್ತಕ್ಷರ ಬಿಟ್ಟುಹೋಗುವುದು, ಗುಣಿತದ ದೀರ್ಘ ತಪ್ಪುವುದು, ಮೂರನೇ ಕ್ಲಾಸು ಮುಗಿದರೂ ಅಕ್ಷರ ಅಕ್ಷರ ಬಿಡಿಸಿ ಓದುವುದು ಹೆಚ್ಚು. ಆದರೆ 'ಹಾಲು' ಅನ್ನುವುದನ್ನು 'ಆಲು' ಅಂತ ಬರೆಯುವ ಮಗುವನ್ನು ಆ ಒಂದು ತಪ್ಪಿಗೇ ಈ ಪಟ್ಟಿಗೆ ಸೇರಿಸಬೇಡಿ. ಮನೆಯಲ್ಲಿ ಆಡುವ ಹಾಗೆಯೇ ಬರೆದಿರುತ್ತದೆ ಅಷ್ಟೇ. ಇದನ್ನು ಇಂಗ್ಲಿಷ್ ಪರೀಕ್ಷೆ ಮಾತ್ರ ಮಾಡುವವರು ಹಿಡಿಯಲಾರರು.

ಹೆಜ್ಜೆ 4: ವರದಿಯನ್ನು ಕೂತು ಓದಿಸಿಕೊಳ್ಳಿ

ವರದಿಯನ್ನು ಕೌಂಟರಿನಲ್ಲಿ ಇಸಿದುಕೊಂಡು ಬರಬೇಡಿ. ಪರೀಕ್ಷೆ ಮಾಡಿದವರೇ ಎದುರು ಕೂತು ವಿವರಿಸುವ ಭೇಟಿ ಶುಲ್ಕದಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿ. ಅಪ್ಪ ಅಮ್ಮ ಇಬ್ಬರೂ ಹೋಗಿ, ಸಾಧ್ಯವಾದರೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಅಮ್ಮನ ಬಾಯಿಂದ ಕೇಳಿದರೆ ನಂಬದ ಮಾತನ್ನು ಡಾಕ್ಟರು ಹೇಳಿದರೆ ನಂಬುತ್ತಾರೆ.

ಐಕ್ಯೂ ಅಂಕದಲ್ಲಿ 100 ಸರಾಸರಿ. 85ರಿಂದ 115ರ ಒಳಗೆ ಮೂರರಲ್ಲಿ ಎರಡು ಪಾಲು ಜನ ಬರುತ್ತಾರೆ. ನರವೈವಿಧ್ಯದ ಮಕ್ಕಳಲ್ಲಿ ಒಟ್ಟು ಅಂಕ ಹೆಚ್ಚೇನೂ ಹೇಳುವುದಿಲ್ಲ, ಒಂದರಲ್ಲಿ 70, ಇನ್ನೊಂದರಲ್ಲಿ 115 ಬಂದಿರುತ್ತದೆ. ಅವನ್ನು ಕೂಡಿ ಭಾಗಿಸಿದರೆ ಎರಡೂ ಮಾಯವಾಗುತ್ತವೆ. ಬಿಡಿ ಅಂಕಗಳ ಪುಟ ಕೇಳಿ. ಆಮೇಲೆ ನಿಮ್ಮ ಹಾಳೆಯಲ್ಲಿನ ಪ್ರಶ್ನೆಗಳನ್ನು ಒಂದೊಂದಾಗಿ ಓದಿ, ಇದಕ್ಕೆ ವರದಿಯಲ್ಲಿ ಉತ್ತರ ಎಲ್ಲಿದೆ ಅಂತ ಕೇಳಿ. ಮುಂದಿನ ಆರು ತಿಂಗಳಲ್ಲಿ ಮೊದಲು ಹಿಡಿಯಬೇಕಾದ ಮೂರು ವಿಷಯ ಯಾವುವು, ಮನೆಯಲ್ಲಿ ನಾವೇ ಮಾಡಬಹುದಾದ್ದು ಏನು, ಮತ್ತೆ ಯಾವಾಗ ಪರೀಕ್ಷೆ ಮಾಡಿಸಬೇಕು ಅನ್ನುವುದನ್ನೂ ಬರೆಸಿಕೊಳ್ಳಿ. ಒಪ್ಪಿಗೆಯಾಗದಿದ್ದರೆ ಎರಡನೇ ಅಭಿಪ್ರಾಯ ಪಡೆಯುವುದು ತಪ್ಪಲ್ಲ, ಆದರೆ ಬೇಕಾದ ಉತ್ತರ ಸಿಗುವವರೆಗೂ ಐದು ಕಡೆ ಅಲೆಯಬೇಡಿ. ಅಷ್ಟರಲ್ಲಿ ವರ್ಷ ಕಳೆದಿರುತ್ತದೆ.

ಹೆಜ್ಜೆ 5: ಥೆರಪಿ ಆಯ್ಕೆ

ಥೆರಪಿಯ ಹೆಸರಿನಿಂದ ಹೊರಡಬೇಡಿ, ಮಗುವಿನ ಅಗತ್ಯದಿಂದ ಹೊರಡಿ. ಬೇಕಾದ್ದನ್ನು ಕೇಳಲು ಬಾರದ ಮಗುವಿಗೆ ಮೊದಲು ಸಂವಹನ. ಮಾತೇ ಆಗಬೇಕೆಂದಿಲ್ಲ, ಚಿತ್ರದ ಕಾರ್ಡು, ಸನ್ನೆ, ಟ್ಯಾಬಿನಲ್ಲಿ ಚಿತ್ರ ಒತ್ತಿದರೆ ಮಾತಾಡುವ ಆಪ್ ಕೂಡ ಆಗುತ್ತದೆ. "ಇದು ರೂಢಿಯಾದರೆ ಮಾತೇ ಬರಲ್ಲ" ಅನ್ನುತ್ತಾರೆ, ಅದು ನಿಜವಲ್ಲ. ನನ್ನ ಮಗ ಮೊದಲು "ನೀರು" ಅಂದದ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಲೋಟದ ಚಿತ್ರವನ್ನು ನಾಲ್ಕು ತಿಂಗಳು ಕಿತ್ತು ಕಿತ್ತು ನನ್ನ ಕೈಗೆ ಕೊಟ್ಟ ಮೇಲೆ. ಪೆನ್ಸಿಲ್ ಹಿಡಿತ, ಗುಂಡಿ ಹಾಕುವುದು, ಶಬ್ದ ಮತ್ತು ಸ್ಪರ್ಶದ ತೊಂದರೆಗೆ ಆಕ್ಯುಪೇಷನಲ್ ಥೆರಪಿ. ಓದು ಬರಹಕ್ಕೆ ವಿಶೇಷ ಶಿಕ್ಷಣ. ಆತಂಕ ಜಾಸ್ತಿಯಿರುವ, ಮಾತು ಚೆನ್ನಾಗಿರುವ ದೊಡ್ಡ ಮಕ್ಕಳಿಗೆ ಅವರಿಗೆ ಹೊಂದಿಸಿದ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ. ಚಿಕ್ಕ ಮಕ್ಕಳಲ್ಲಿ ಅಪ್ಪ ಅಮ್ಮಂದಿರಿಗೆ ತರಬೇತಿ ಕೊಡುವ ಪದ್ಧತಿಗಳು ನಮ್ಮಂಥ ಊರಿಗೆ ಬಹಳ ಒಗ್ಗುತ್ತವೆ.

ಎಬಿಎ, ಅಂದರೆ ಕೌಶಲವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿ, ಮೆಚ್ಚುಗೆ ಬಹುಮಾನ ಕೊಟ್ಟು ನಡವಳಿಕೆ ಕಲಿಸುವ ಪದ್ಧತಿಯ ಬಗ್ಗೆ ಪರ ವಿರೋಧ ಎರಡೂ ಇದೆ. ಕೌಶಲ ಕಲಿಸುವುದರಲ್ಲಿ ಅದರಿಂದ ಪ್ರಯೋಜನವಾದವರಿದ್ದಾರೆ. ಆಟಿಸಂ ಇರುವ ದೊಡ್ಡವರೇ ಎದ್ದು ನಿಂತು, ಕೈ ಆಡಿಸುವುದನ್ನು ನಿಲ್ಲಿಸಲು, ಕಣ್ಣಲ್ಲಿ ಕಣ್ಣಿಟ್ಟು ನೋಡಲು ಬಲವಂತ ಮಾಡಿದ್ದು ತಮ್ಮನ್ನು ಕುಗ್ಗಿಸಿತು ಅಂತ ಹೇಳಿದ್ದೂ ಇದೆ. ನಾನು ಅವರ ಮಾತನ್ನು ನಂಬುತ್ತೇನೆ. ಯಾವ ಥೆರಪಿಯಾದರೂ ಗುರಿಯ ಪಟ್ಟಿ ತರಿಸಿ ನೋಡಿ. "ಬೇಡ ಅಂತ ಹೇಳಲು ಕಲಿಯುವುದು" ಅನ್ನುವ ಗುರಿ ಮಗುವಿಗಾಗಿ ಇದೆ. "ಸುಮ್ಮನೆ ಕೂರುವುದು" ಅನ್ನುವುದು ನೋಡುವವರಿಗಾಗಿ.

ಬಾಗಿಲು ಹಾಕಿಕೊಂಡು, ಒಳಗೇನು ನಡೆಯುತ್ತಿದೆ ಅಂತ ತೋರಿಸದ ಸೆಂಟರಿನಿಂದ ಎದ್ದು ಬನ್ನಿ. "ಆರು ತಿಂಗಳಲ್ಲಿ ಪೂರ್ತಿ ಗುಣ" ಅಂದರೆ ಎದ್ದು ಬನ್ನಿ. ವರ್ಷದ ದುಡ್ಡು ಮುಂಗಡ ಕೇಳಿದರೂ ಅಷ್ಟೇ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಲಕ್ಷಗಟ್ಟಲೆ ಕಟ್ಟಿದವರನ್ನು ನಾನು ಬಲ್ಲೆ. ದೇಶದ 2017ರ ಮಾರ್ಗಸೂಚಿಯಲ್ಲೇ ಅದು ಅಂಗೀಕೃತ ಚಿಕಿತ್ಸೆಗಳ ಪಟ್ಟಿಯಲ್ಲಿಲ್ಲ. ದೇಹದಿಂದ ಲೋಹ ತೆಗೆಯುತ್ತೇವೆ ಅನ್ನುವ ಕೀಲೇಷನ್ ಮಗುವಿನ ಜೀವಕ್ಕೇ ಅಪಾಯ.

ದೂರವನ್ನೂ ಲೆಕ್ಕ ಹಾಕಿ. ರಾಜಾಜಿನಗರದಿಂದ ವೈಟ್‌ಫೀಲ್ಡಿನ ಹೆಸರಾಂತ ಕೇಂದ್ರಕ್ಕೆ ವಾರಕ್ಕೆ ಮೂರು ದಿನ ಹೋಗುತ್ತಿದ್ದೆವು. ಸಿಲ್ಕ್ ಬೋರ್ಡಲ್ಲದಿದ್ದರೆ ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ ಜಾಮ್. 45 ನಿಮಿಷದ ಸೆಷನ್ನಿಗೆ ನಾಲ್ಕು ಗಂಟೆ ರಸ್ತೆಯಲ್ಲಿ, ಮಗು ಒಳಗೆ ಹೋಗುವ ಹೊತ್ತಿಗೆ ಸುಸ್ತಾಗಿ ಅಳುತ್ತಿತ್ತು. ಬಸವೇಶ್ವರನಗರದಲ್ಲಿ ಸಾಧಾರಣ ಕ್ಲಿನಿಕ್ಕಿಗೆ ಬದಲಾಯಿಸಿದೆವು, ಉಳಿದ ಸಮಯ ಮನೆಯಲ್ಲಿ ಕಲಿಸಿದೆ. ಅದೇ ಚೆನ್ನಾಗಿ ನಡೆಯಿತು.

"ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷ್ ಮಾತ್ರ ಮಾತಾಡಿ" ಅನ್ನುವ ಸಲಹೆಯೂ ಬರುತ್ತದೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತಿಗೆ ಹಾನಿಯಾಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಅಜ್ಜಿಗೆ ಬಾರದ ಭಾಷೆಯನ್ನಷ್ಟೇ ಮಗುವಿಗೆ ಕಲಿಸಿದರೆ ಮನೆಯಲ್ಲಿ ಮಾತಾಡಲು ಒಬ್ಬರು ಕಡಿಮೆಯಾದರು ಅಂತಲೇ ಅರ್ಥ.

ಔಷಧಿಯ ಮಾತು ಚಿಕ್ಕದು. ಆಟಿಸಂನ ಮೂಲ ಲಕ್ಷಣಗಳಿಗೆ ಔಷಧಿಯಿಲ್ಲ. ತೀವ್ರ ಸಿಡುಕು, ನಿದ್ರಾಹೀನತೆ ಇದ್ದರೆ ಮನೋವೈದ್ಯರು ಕೊಡಬಹುದು. ಎಡಿಎಚ್‌ಡಿಗೆ ಮಿಥೈಲ್‌ಫೆನಿಡೇಟ್, ಅಟೊಮಾಕ್ಸೆಟಿನ್ ಬಳಕೆಯಲ್ಲಿವೆ. ಆರು ವರ್ಷದೊಳಗಿನವರಿಗೆ ಮೊದಲು ಪೋಷಕರ ತರಬೇತಿ, ಆಮೇಲೆ ಔಷಧಿಯ ಯೋಚನೆ. ಹಸಿವು, ತೂಕ, ನಿದ್ದೆ, ನಾಡಿಬಡಿತ ನೋಡುತ್ತಿರಬೇಕು. ನೆಂಟರ ಮಾತು ಕೇಳಿ ಶುರುವೂ ಮಾಡಬೇಡಿ, ನಿಲ್ಲಿಸಲೂಬೇಡಿ.

ಹೆಜ್ಜೆ 6: ಶಾಲೆ ಮತ್ತು ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿವೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಶೇ 40 ಮತ್ತು ಮೇಲ್ಪಟ್ಟು ಅಂಗವೈಕಲ್ಯವಿದೆ ಅಂತ ಪ್ರಮಾಣಪತ್ರ ಸಿಕ್ಕರೆ ಹೆಚ್ಚಿನ ಸೌಲಭ್ಯಗಳು ತೆರೆಯುತ್ತವೆ. ಸ್ವಾವಲಂಬನ್ ಪೋರ್ಟಲಿನಲ್ಲಿ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ, ಹೇಳಿದ ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ಹಳೆಯ ವರದಿಗಳ ಮೂಲಪ್ರತಿ ಸಮೇತ ಹಾಜರಾಗಬೇಕು. "ಕಾರ್ಡ್ ಮಾಡಿಸಿದ್ರೆ ಹಣೆಪಟ್ಟಿ ಅಂಟುತ್ತೆ" ಅಂತ ನಮ್ಮನೆಯವರು ಎರಡು ವರ್ಷ ತಡೆದರು. ಕಾರ್ಡನ್ನು ಬೇಕಾದ ಕಡೆ ಮಾತ್ರ ತೋರಿಸಿದರಾಯಿತು ಅಂತ ತಿಳಿದ ಮೇಲೆ ಒಪ್ಪಿದರು.

ಸರ್ಕಾರದ ಮಾನ್ಯತೆ ಪಡೆದ ಶಾಲೆ ಅಂಗವೈಕಲ್ಯದ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. "ನಮ್ಮಲ್ಲಿ ಸೌಲಭ್ಯ ಇಲ್ಲ" ಅಂದರೆ ಅದನ್ನು ಬರವಣಿಗೆಯಲ್ಲಿ ಕೇಳಿ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರು, ಭಾಷಾ ವಿನಾಯಿತಿ ಬೇಕಿದ್ದರೆ ಶಾಲೆಯ ಮುಖ್ಯಸ್ಥರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು. ಹತ್ತನೇ ಕ್ಲಾಸಿನ ಜನವರಿಯಲ್ಲಿ ಎಚ್ಚರವಾದರೆ ಆಗದು, ಎಂಟನೇ ಕ್ಲಾಸಿನಿಂದಲೇ ಫೈಲು ಸಿದ್ಧವಿರಲಿ. ಸಿಬಿಎಸ್‌ಇಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಿಗುತ್ತದೆ. ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಸೆರೆಬ್ರಲ್ ಪಾಲ್ಸಿ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿ ಖರ್ಚೂ ಅದರಲ್ಲಿ ಬರುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಪೋಷಕರಿಗೆ ತೆರಿಗೆ ಲೆಕ್ಕ ಹಾಕುವ ಆದಾಯದಲ್ಲಿ 75,000 ರೂಪಾಯಿ, ಅಂಗವೈಕಲ್ಯ ಶೇ 80 ಅಥವಾ ಮೇಲ್ಪಟ್ಟು ಇದ್ದರೆ 1,25,000 ರೂಪಾಯಿ ಕಡಿತ ಸಿಗುತ್ತದೆ. 18 ತುಂಬಿದ ಮೇಲೂ ಕಾನೂನುಬದ್ಧ ಪಾಲಕರು ಬೇಕಾದವರು ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು.

ಹೆಜ್ಜೆ 7: ಮನೆಯವರೂ ಲೆಕ್ಕಕ್ಕೆ ಬರಲಿ

ಅಣ್ಣನ ಥೆರಪಿ ಅಂತ ಹೊರಗಿನ ಬೆಂಚಿನಲ್ಲೇ ಹೋಂವರ್ಕ್ ಮಾಡಿ ಬೆಳೆದ ನನ್ನ ಮಗಳು ಒಂದು ದಿನ "ನಂಗೂ ಏನಾದ್ರೂ ಆಗಿದ್ರೆ ನೀನು ನನ್ ಜೊತೆ ಕೂರ್ತಿದ್ಯಾ" ಅಂದಳು. ಅವತ್ತಿಂದ ಭಾನುವಾರ ಬೆಳಗ್ಗೆ ಎರಡು ಗಂಟೆ ಅವಳದ್ದೇ. ಅಮ್ಮಂದಿರೇ, ರಾತ್ರಿ ನಿದ್ದೆ ಬರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಸಿಗುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಮಗುವಿನ ವರದಿ ಓದುತ್ತ "ಇದು ನಾನೇ ಅಲ್ವಾ" ಅನ್ನಿಸುವ ಅಪ್ಪ ಅಮ್ಮಂದಿರು ತುಂಬಾ ಇದ್ದಾರೆ. ನಮ್ಮನೆಯವರಿಗೆ ಹಾಗೇ ಆಯಿತು. ನಲವತ್ತೆರಡನೇ ವಯಸ್ಸಿನಲ್ಲಿ ಅವರೂ ಮೌಲ್ಯಮಾಪನಕ್ಕೆ ಹೋದರು. ದೊಡ್ಡವರಲ್ಲಿ ಎಡಿಎಚ್‌ಡಿ ನಿರ್ಣಯಕ್ಕೆ ಬಾಲ್ಯದ ಪುರಾವೆ ಬೇಕು. ಪ್ರಾಥಮಿಕ ಶಾಲೆಯ ಮಾರ್ಕ್ಸ್ ಕಾರ್ಡು, ಮೇಷ್ಟ್ರು ಬರೆದ ಷರಾ, ಬಾಲ್ಯ ಕಂಡ ಒಬ್ಬ ಹಿರಿಯರು, ಇಷ್ಟನ್ನು ಜೊತೆಗೆ ಒಯ್ಯಿರಿ. ನಾವು ಅತ್ತೆಯನ್ನು ಕರೆದುಕೊಂಡು ಹೋದೆವು. ತಮ್ಮ ಮಗ ಎರಡನೇ ಕ್ಲಾಸಿನಲ್ಲಿ ಸ್ಲೇಟು ಎಷ್ಟು ಕಳೆದಿದ್ದ, ಊಟದ ನಡುವೆ ಎದ್ದು ಎಲ್ಲಿಗೆ ಓಡುತ್ತಿದ್ದ, ಮೇಷ್ಟ್ರು ಯಾಕೆ ಹೊಡೆಯುತ್ತಿದ್ದರು, ಎಲ್ಲವನ್ನೂ ನಲವತ್ತು ನಿಮಿಷ ಹೇಳಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಡಾಕ್ಟರನ್ನು ಕೇಳಿದರು: "ಆಗ ನಾನೂ ಎರಡು ಏಟು ಹಾಕ್ತಿದ್ದೆ ಸ್ವಾಮಿ. ಹಾಕಬಾರದಿತ್ತಲ್ವಾ?"